ವಿದೇಶ ವ್ಯಾಸಂಗವೂ ಕೂಟಲೇಖದ ಅತಿಚಾರವೂ

ಖಾನಾಪುರ ತಾಲೂಕಿನ ಹಲಸಿ ಒಂದು ಕಾಲಕ್ಕೆ ಪಲಾಶಿಕೆ ಎಂಬ ಹೆಸರಿನಿಂದ ಕದಂಬರ ಎರಡನೆಯ ರಾಜಧಾನಿಯಾಗಿ ಮೆರೆದ ಊರು. ಅಲ್ಲಿ ದೊರೆತ ತಾಮ್ರಪಟಗಳು ಕನ್ನಡನಾಡಿನ ಜೈನ ಇತಿಹಾಸದ ಅತಿ ಪ್ರಾಚೀನ ದಾಖಲೆಗಳಲ್ಲಿ ಸೇರುತ್ತವೆ. ಕಾಕುಸ್ಥವರ್ಮನು ತನ್ನ ಸೇನಾಪತಿ ಶ್ರುತಕೀರ್ತಿಗೆ ಭೂಮಿಯನ್ನು ದತ್ತಿ ಬಿಟ್ಟದ್ದು, ಅವನ ಮೊಮ್ಮಗ ಮೃಗೇಶವರ್ಮನು ತನ್ನ ತಂದೆಯ ನೆನಪಿಗಾಗಿ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿ ಯಾಪನೀಯರು, ನಿರ್ಗ್ರಂಥರು, ಕೂರ್ಚಕರು ಈ ಮೂವರಿಗೆ 33 ನಿವರ್ತನ ಭೂಮಿಯನ್ನು ಕೊಟ್ಟದ್ದು ಇಂದಿಗೂ ತಿಳಿದುಬರುವುದು ಆ ಪಟಗಳಿಂದಲೇ. ಜಿನಾಲಯ ಮಣ್ಣುಗೂಡಿತು, ಭೂಮಿ ಕೈಬದಲಾಯಿತು, ರಾಜವಂಶ ಅಳಿಯಿತು. ಆದರೆ ಬರೆದ ಮಾತು ಉಳಿಯಿತು. ಅದು ಉಳಿದದ್ದು ತಾಮ್ರದ ಗಟ್ಟಿತನದಿಂದಲ್ಲ, ಬರೆದದ್ದು ನಿಜವಾಗಿದ್ದುದರಿಂದ.

ಈ ಪಟಗಳನ್ನು 1877ರಲ್ಲಿ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಪ್ರಕಟಿಸಿದ ಜೆ. ಎಫ್. ಫ್ಲೀಟರೇ ಮುಂದೆ ಬೇರೆಡೆ ದೊರೆತ ಅನೇಕ ತಾಮ್ರಪಟಗಳನ್ನು ಪರೀಕ್ಷಿಸಿ, ಅವು ನಕಲಿ ಎಂದು ತೋರಿಸಿದರು. ಅಂಥವನ್ನು ವಿದ್ವಾಂಸರು ಕೂಟಶಾಸನಗಳೆಂದು ಕರೆಯುತ್ತಾರೆ. ಅವುಗಳಲ್ಲಿಯೂ ರಾಜನ ಹೆಸರಿದೆ, ಶಾಪಾಶಯವಿದೆ, ಇಲ್ಲದ್ದು ಸತ್ಯವೊಂದೇ. ಕೂಟಶಾಸನದ ಕೇಡು ತನ್ನಷ್ಟಕ್ಕೇ ಮುಗಿಯುವುದಿಲ್ಲ. ಒಂದು ಕೂಟಶಾಸನ ಪತ್ತೆಯಾದ ದಿನದಿಂದ ನಿಜಶಾಸನವೂ ಸಂಶಯದ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ.

ಜೈನಾಚಾರ್ಯರು ಈ ದೋಷವನ್ನು ಬಹುಕಾಲದ ಹಿಂದೆಯೇ ಗುರುತಿಸಿದ್ದರು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳ ಪೈಕಿ ಕೂಟಲೇಖಕ್ರಿಯೆ ಒಂದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಕೆಲವು ಅತಿಚಾರಗಳ ಹೆಸರು ಬದಲಾದರೂ ಕೂಟಲೇಖ ಬದಲಾಗಿಲ್ಲ. ಸುಳ್ಳು ಬರಹ ಮಾಡುವುದು, ಇಲ್ಲದ್ದನ್ನು ಇದೆಯೆಂದು ಪತ್ರದಲ್ಲಿ ಕಾಣಿಸುವುದು ಎಂದು ಅದರ ಅರ್ಥ. ಲೇವಾದೇವಿ ಮಾಡುವ ಗೃಹಸ್ಥರ ನಿತ್ಯಜೀವನವನ್ನು ಬಲ್ಲ ಆಚಾರ್ಯರು ಅದನ್ನು ಬೇರೆ ಹೆಸರಿಟ್ಟು ಎಣಿಸಿದ್ದು ಅಕಸ್ಮಾತ್ತಾಗಿ ಅಲ್ಲ.

ಈ ಹಳೆಯ ಶಬ್ದವನ್ನು ಇಂದು ನೆನೆಯಬೇಕಾದ ಪ್ರಸಂಗ ಹೊಸದು. ಖಾನಾಪುರ, ಬೆಳಗಾವಿಗಳಂಥ ಊರುಗಳಿಂದಲೂ ಇಂದು ತರುಣ ತರುಣಿಯರು ಓದಿಗಾಗಿ ಹೊರದೇಶಗಳಿಗೆ ಹೋಗುತ್ತಿದ್ದಾರೆ. ಹೋಗುವುದು ತಪ್ಪಲ್ಲ. ಹೋಗುವುದಕ್ಕಾಗಿ ಸಿದ್ಧಪಡಿಸುವ ವೀಸಾ ಕಡತದಲ್ಲಿ ಕೂಟಲೇಖ ನುಸುಳುತ್ತಿರುವುದು ತಪ್ಪು. ಅದನ್ನು ತಪ್ಪೆಂದು ಹೇಳುವ ಧೈರ್ಯ ಮನೆಯ ಹಿರಿಯರಿಗೂ ಸಮಾಜದ ಮುಖಂಡರಿಗೂ ಇಲ್ಲವಾಗುತ್ತಿರುವುದು ಅದಕ್ಕಿಂತ ದೊಡ್ಡ ತಪ್ಪು.

ದೇಶ ಮೊದಲು, ವಿದ್ಯೆ ಕೊನೆಗೆ

ಕೇಡು ಕಡತದಿಂದ ಆರಂಭವಾಗುವುದಿಲ್ಲ. ವಿಷಯದ ಆಯ್ಕೆಯಿಂದಲೇ ಆರಂಭವಾಗುತ್ತದೆ. ಮಗನ ಒಲವು ಯಾವುದರಲ್ಲಿ, ಆ ವಿದ್ಯೆ ಎಲ್ಲಿ ಚೆನ್ನಾಗಿ ದೊರೆಯುತ್ತದೆ, ಅದರ ಖರ್ಚು ಮನೆಗೆ ನೀಗುತ್ತದೆಯೇ, ಇವು ಮೂರು ಪ್ರಶ್ನೆಗಳು ಈ ಕ್ರಮದಲ್ಲಿ ಬರಬೇಕು. ಇಂದು ಕ್ರಮ ತಲೆಕೆಳಗಾಗಿದೆ. ಯಾವ ದೇಶದ ವೀಸಾ ಬೇಗ ಸಿಗುತ್ತದೆ ಎಂಬುದು ಮೊದಲ ಪ್ರಶ್ನೆ. ಅಲ್ಲಿ ಕಾಯಂ ವಾಸಕ್ಕೆ ಯಾವ ಕೋರ್ಸು ಅನುಕೂಲ ಎಂಬುದು ಎರಡನೆಯದು. ಸೀಟು ಕೊಡುವ ಕಾಲೇಜು ಯಾವುದು ಎಂಬುದು ಮೂರನೆಯದು. ಹುಡುಗನಿಗೆ ಏನು ಬೇಕು ಎಂಬುದನ್ನು ಕೇಳುವವರೇ ಇಲ್ಲ. ಏಜೆಂಟರ ಕಚೇರಿಯ ಮೇಜಿನ ಮೇಲೆ ದೇಶಗಳ ಬಣ್ಣದ ಪುಸ್ತಿಕೆಗಳನ್ನು ಹರಡಿ, ಜವಳಿ ಅಂಗಡಿಯಲ್ಲಿ ಸೀರೆ ಆರಿಸಿದಂತೆ ವಿದ್ಯೆಯನ್ನು ಆರಿಸಲಾಗುತ್ತಿದೆ.

ಈ ರೀತಿಯ ಆಯ್ಕೆ ಲೌಕಿಕ ದೃಷ್ಟಿಯಿಂದಲೂ ಜಾಣತನವಲ್ಲ. ಕಳೆದ ದಶಕಗಳ ಅನುಭವ ಅದನ್ನೇ ಹೇಳುತ್ತದೆ. ಆಸ್ಟ್ರೇಲಿಯದಲ್ಲಿ ಅಡುಗೆ ಮತ್ತು ಕೇಶಾಲಂಕಾರದ ಅಲ್ಪಾವಧಿ ಶಿಕ್ಷಣಗಳು ಕಾಯಂ ವಾಸಕ್ಕೆ ಸುಲಭದ ದಾರಿಯೆಂದು ಹೆಸರಾಗಿ, ಸಾವಿರಾರು ಭಾರತೀಯ ವಿದ್ಯಾರ್ಥಿಗಳು ಅವುಗಳಿಗೆ ಸೇರಿದರು. 2010ರ ಫೆಬ್ರವರಿಯಲ್ಲಿ ಆ ದೇಶದ ಸರ್ಕಾರ ಬೇಡಿಕೆಯ ವೃತ್ತಿಗಳ ಪಟ್ಟಿಯನ್ನೇ ರದ್ದುಪಡಿಸಿತು. ಸೌಟು ಹಿಡಿಯುವ ಆಸೆಯೇ ಇಲ್ಲದೆ ಸೌಟು ಹಿಡಿದವರು ನಡುದಾರಿಯಲ್ಲಿ ನಿಂತರು. ಇಂಗ್ಲೆಂಡಿನಲ್ಲಿ ಬೋಧನಾಪ್ರಧಾನ ಸ್ನಾತಕೋತ್ತರ ಶಿಕ್ಷಣಕ್ಕೆ ಹೋಗುವವರು ಪತಿ, ಪತ್ನಿ, ಮಕ್ಕಳನ್ನು ಜತೆಗೆ ಕರೆದೊಯ್ಯುವ ಅನುಕೂಲ 2024ರ ಜನವರಿಯಿಂದ ನಿಂತಿತು. ಕೆನಡಾದಲ್ಲಿ 2024ರ ನವೆಂಬರ್ 1ರಿಂದ ಅರ್ಜಿ ಹಾಕಿದವರ ಪೈಕಿ ಡಿಪ್ಲೊಮಾದಂಥ ಕಾಲೇಜು ಶಿಕ್ಷಣ ಪಡೆಯುವವರಿಗೆ, ಗೊತ್ತುಮಾಡಿದ ಕೆಲವು ವಿಷಯಗಳನ್ನು ಓದಿದ್ದರೆ ಮಾತ್ರ ಓದಿನ ನಂತರ ಕೆಲಸ ಮಾಡುವ ಪರವಾನಗಿ ಎಂಬ ನಿಯಮ ಬಂದಿತು. ಪರದೇಶದ ಕಾನೂನು ಆ ದೇಶದ ಚುನಾವಣೆ, ಮನೆಬಾಡಿಗೆ, ನಿರುದ್ಯೋಗಗಳನ್ನು ಅನುಸರಿಸಿ ಬದಲಾಗುತ್ತದೆ. ಅದರ ಮೇಲೆ ಮಗನ ಇಡೀ ಆಯುಷ್ಯವನ್ನು ಕಟ್ಟಹೊರಟವರು ಅನಿತ್ಯಭಾವನೆಯ ಪಾಠವನ್ನು ಕೇಳಿಯೂ ಕೇಳದವರು.

ಧರ್ಮದೃಷ್ಟಿಯಿಂದ ಇನ್ನೂ ಒಂದು ಪ್ರಶ್ನೆಯಿದೆ. ವಾಣಿಜ್ಯ ಅಡುಗೆಯ ಶಿಕ್ಷಣದಲ್ಲಿ ಮಾಂಸವನ್ನು ಕತ್ತರಿಸಿ ಬೇಯಿಸುವ ಪಾಠವೂ ಸೇರಿರುತ್ತದೆ. ರಾತ್ರಿಭೋಜನ ತ್ಯಾಗದ ಮನೆಯಲ್ಲಿ, ಗಾಳಿಸಿದ ನೀರು ಕುಡಿದು ಬೆಳೆದ ಮಗುವನ್ನು ವೀಸಾ ಸುಲಭವೆಂಬ ಒಂದೇ ಕಾರಣಕ್ಕಾಗಿ ಆ ಕಟ್ಟಿಗೆಯ ಮುಂದೆ ಚೂರಿ ಕೊಟ್ಟು ನಿಲ್ಲಿಸುವ ತಂದೆತಾಯಿ, ಪರ್ಯೂಷಣದಲ್ಲಿ ಹಸಿರು ತರಕಾರಿ ಬಿಟ್ಟು ಯಾವ ಪುಣ್ಯವನ್ನು ಗಳಿಸುತ್ತಾರೆ? ಕೋರ್ಸಿನ ಪಠ್ಯಕ್ರಮವನ್ನು ಪೂರ್ತಿ ಓದದೆ ಶುಲ್ಕ ಕಟ್ಟುವುದು ವ್ಯವಹಾರದಲ್ಲಿಯೂ ತಪ್ಪು, ಧರ್ಮದಲ್ಲಿಯೂ ತಪ್ಪು.

ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆಯವರು ಆರಿಸಿಕೊಂಡದ್ದು ಹಣ ತರುವ ವಿದ್ಯೆಯನ್ನಲ್ಲ; ಅರ್ಧಮಾಗಧಿಯನ್ನು, ಪ್ರಾಕೃತವನ್ನು. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಅವರು 1935ರಲ್ಲಿ ಪ್ರಕಟಿಸಿದ ಪ್ರವಚನಸಾರದ ಆವೃತ್ತಿಯನ್ನು ಹೊರದೇಶದ ಪಂಡಿತರೂ ಪ್ರಮಾಣವೆಂದು ಹಿಡಿದರು. ಒಲಿದ ವಿದ್ಯೆಯನ್ನು ಹಿಡಿದವನನ್ನು ಲೋಕವೇ ಹುಡುಕಿಕೊಂಡು ಬರುತ್ತದೆ. ಎಲ್ಲರೂ ಉಪಾಧ್ಯೆಯವರಾಗಲಾರರು, ನಿಜ. ಆದರೆ ವಿದ್ಯೆಯನ್ನು ಆರಿಸುವ ಕ್ರಮವನ್ನು ಎಲ್ಲರೂ ಅವರಿಂದ ಕಲಿಯಬಹುದು.

ಕಡತದೊಳಗಿನ ಸುಳ್ಳುಗಳು

ಒಲವಿಲ್ಲದ ವಿಷಯವನ್ನು ಆರಿಸಿದ ಮೇಲೆ ಅದರಲ್ಲಿ ಒಲವಿದೆಯೆಂದು ಬರೆಯಲೇಬೇಕಾಗುತ್ತದೆ. ಸುಳ್ಳಿನ ಮೊದಲ ಹಾಳೆ ಹುಟ್ಟುವುದು ಹೀಗೆ. ವ್ಯಾಸಂಗದ ಉದ್ದೇಶವನ್ನು ವಿದ್ಯಾರ್ಥಿ ತನ್ನ ಮಾತಿನಲ್ಲಿ ತಿಳಿಸುವ ಪತ್ರಕ್ಕೆ ಇಂದಿನ ಹುಡುಗರು ಎಸ್‌ಒಪಿ ಎನ್ನುತ್ತಾರೆ. ಅದನ್ನು ಬರೆದುಕೊಡುವುದಕ್ಕೆ ದರ ನಿಗದಿಯಾಗಿದೆ. ಬಾಲ್ಯದಿಂದಲೂ ಸರಕು ಸಾಗಣೆಯ ಶಾಸ್ತ್ರದಲ್ಲಿ ತನಗೆ ಆಸಕ್ತಿ ಎಂದು ಬರೆದ ಹುಡುಗನಿಗೆ ಆ ಶಾಸ್ತ್ರದ ಹೆಸರು ಕಳೆದ ತಿಂಗಳು ತಿಳಿದಿರುತ್ತದೆ. ಎರಡು ವರ್ಷ ಮನೆಯಲ್ಲಿ ಕುಳಿತದ್ದನ್ನು ಮುಚ್ಚಲು ಪರಿಚಯದವರ ಅಂಗಡಿಯ ಅನುಭವ ಪತ್ರ ಬರುತ್ತದೆ. ಆ ಪತ್ರಕ್ಕೆ ಸಹಿ ಮಾಡುವ ವ್ಯಾಪಾರಿ ಅನೇಕ ವೇಳೆ ಬಸದಿಯ ಕಮಿಟಿಯಲ್ಲಿ ಕುಳಿತವನೇ ಆಗಿರುತ್ತಾನೆ.

ನಂತರ ಹಣದ ಲೆಕ್ಕ. ವಿದ್ಯಾರ್ಥಿಯ ಬಳಿ ಶುಲ್ಕಕ್ಕೂ ಜೀವನಕ್ಕೂ ಸಾಕಷ್ಟು ಹಣವಿದೆಯೆಂದು ತೋರಿಸಬೇಕೆಂಬುದು ಎಲ್ಲ ದೇಶಗಳ ನಿಯಮ. ಕೆನಡಾ ಜೀವನವೆಚ್ಚದ ಮೊತ್ತವನ್ನು 10,000 ಡಾಲರಿನಿಂದ 2024ರ ಜನವರಿ 1ರಂದು 20,635 ಡಾಲರಿಗೆ ಏರಿಸಿತು. ಆಗಿನ ದರದಲ್ಲಿ ಅದು ಸುಮಾರು 12.5 ಲಕ್ಷ ರೂಪಾಯಿ. ಆಸ್ಟ್ರೇಲಿಯ ಅದೇ ವರ್ಷದ ಮೇ ತಿಂಗಳಲ್ಲಿ ತನ್ನ ಮೊತ್ತವನ್ನು 29,710 ಡಾಲರಿಗೆ ಏರಿಸಿತು. ಜರ್ಮನಿ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೋಗಳನ್ನು ತಡೆಖಾತೆಯಲ್ಲಿಡಲು ಹೇಳಿತು. ಇಂಗ್ಲೆಂಡಿನ ನಿಯಮದಂತೆ ಹಣ 28 ದಿನ ಒಂದೇ ಸಮನೆ ಖಾತೆಯಲ್ಲಿರಬೇಕು. ಈ 28 ದಿನಗಳಿಗಾಗಿ ಬಡ್ಡಿಗೆ ಹಣ ತಂದು ಖಾತೆಯಲ್ಲಿಟ್ಟು, ಇಪ್ಪತ್ತೊಂಬತ್ತನೆಯ ದಿನ ಹಿಂದಿರುಗಿಸುವ ಒಂದು ವ್ಯಾಪಾರವೇ ದೇಶದಲ್ಲಿ ಬೆಳೆದಿದೆ.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನ ಎಂಬುದೊಂದಿದೆ. ಕೊಳ್ಳುವಾಗ ದೊಡ್ಡ ಸೇರು, ಕೊಡುವಾಗ ಸಣ್ಣ ಸೇರು ಬಳಸುವುದೆಂದು ಅದರ ಅರ್ಥ. ಬೆಳಗಾವಿಯ ರವಿವಾರ ಪೇಟೆಯಲ್ಲಿ ಧಾನ್ಯ ತೂಗುವ ಜೈನ ವ್ಯಾಪಾರಿ ಇದನ್ನು ಕೇಳಿದರೆ, ತನ್ನ ತಕ್ಕಡಿ ಸರಿಯಾಗಿದೆಯೆಂದು ಎದೆ ತಟ್ಟಿ ಹೇಳಬಲ್ಲ. ತಕ್ಕಡಿ ಸರಿಯಾಗಿರಬಹುದು. ಆದರೆ ಒಂದು ಮನೆಯನ್ನು ಕಲ್ಪಿಸಿಕೊಂಡು ನೋಡಬೇಕು. ಹಿರಿಯ ಮಗನ ವೀಸಾ ಕಡತದಲ್ಲಿ ಆ ಮನೆಯ ವಾರ್ಷಿಕ ಆದಾಯ 30 ಲಕ್ಷ. ಕಿರಿಯ ಮಗಳ ಶಿಷ್ಯವೇತನದ ಅರ್ಜಿಗೆ ಲಗತ್ತಿಸಿದ ತಹಶೀಲ್ದಾರರ ಪ್ರಮಾಣಪತ್ರದಲ್ಲಿ 2 ಲಕ್ಷ. ಆದಾಯ ತೆರಿಗೆಯ ಲೆಕ್ಕದಲ್ಲಿ ಇವೆರಡೂ ಅಲ್ಲದ ಮೂರನೆಯ ಅಂಕಿ. ಮನೆಯೊಂದೇ, ಸೇರು ಮೂರು. ಕೇಂದ್ರ ಸರ್ಕಾರ 2014ರ ಜನವರಿಯಲ್ಲಿ ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತರೆಂದು ಘೋಷಿಸಿದ ಮೇಲೆ, ಹೊರದೇಶದ ಓದಿನ ಸಾಲಕ್ಕೆ ಬಡ್ಡಿ ಸಹಾಯ ನೀಡುವ ‘ಪಢೋ ಪರದೇಶ್’ ಯೋಜನೆಯೂ ಜೈನ ವಿದ್ಯಾರ್ಥಿಗಳಿಗೆ ತೆರೆಯಿತು. 2022-23ರಲ್ಲಿ ನಿಂತುಹೋದ ಆ ಯೋಜನೆಗೆ ಕುಟುಂಬದ ಆದಾಯ 6 ಲಕ್ಷ ಮೀರಬಾರದೆಂಬ ಮಿತಿಯಿತ್ತು. ಬಡವನಿಗೆಂದು ಇಟ್ಟ ಹಣಕ್ಕೆ ಬಡವನ ವೇಷ, ಸಿರಿವಂತನಿಗೆಂದು ತೆರೆದ ಬಾಗಿಲಿಗೆ ಸಿರಿವಂತನ ವೇಷ ತೊಡುವುದು ಹೀನಾಧಿಕಮಾನವಲ್ಲದೆ ಮತ್ತೇನು?

ಅದೇ ಪಟ್ಟಿಯಲ್ಲಿ ಪ್ರತಿರೂಪಕ ವ್ಯವಹಾರವೆಂಬ ಇನ್ನೊಂದು ಅತಿಚಾರವಿದೆ: ನಿಜವಸ್ತುವಿನಂತೆಯೇ ಕಾಣುವ ಕೃತ್ರಿಮ ವಸ್ತುವನ್ನು ನಿಜವೆಂದು ಚಲಾಯಿಸುವುದು. ಇಪ್ಪತ್ತೆಂಟು ದಿನದ ಠೇವಣಿ ಅದಕ್ಕೆ ಉತ್ತಮ ನಿದರ್ಶನ. ನೋಟು ನಿಜ, ಖಾತೆ ನಿಜ, ಬ್ಯಾಂಕಿನ ಮುದ್ರೆಯೂ ನಿಜ. ಆದರೆ ಆ ಹಣ ಆ ಮನೆಯದಲ್ಲ.

ನಾಲ್ಕು ಸಮಾಧಾನಗಳು

ಈ ಮಾತನ್ನು ಎತ್ತಿದಲ್ಲೆಲ್ಲ ನಾಲ್ಕು ಸಮಾಧಾನಗಳು ಕೇಳಿಬರುತ್ತವೆ. ಒಂದೊಂದನ್ನೂ ಪರೀಕ್ಷಿಸುವುದು ಒಳಿತು.

“ಎಲ್ಲಾರೂ ಮಾಡತಾರ್ರೀ ಕಾಕಾ, ನಾವೊಬ್ಬರ ಖರೇ ಬರದರ ಹುಡುಗನ ಕೆಲಸ ಆಗಬೇಕಲ್ರೀ” ಎಂಬುದು ಮೊದಲನೆಯದು. ಎಲ್ಲರೂ ಮಾಡುವುದಿಲ್ಲ. ನಿಜವಾದ ಅಂಕ, ನಿಜವಾದ ಸಾಲ, ನಿಜವಾದ ಉದ್ದೇಶಗಳೊಂದಿಗೆ ಹೋದವರು ಎಷ್ಟೋ ಮಂದಿ ಇದ್ದಾರೆ. ಅವರು ಸದ್ದು ಮಾಡುವುದಿಲ್ಲ, ಅಷ್ಟೆ. ಮೇಲಾಗಿ, ಎಲ್ಲರೂ ಮಾಡುವುದೇ ಪ್ರಮಾಣವಾದರೆ ಅಣುವ್ರತಗಳನ್ನು ಬೋಧಿಸುವ ಅವಶ್ಯಕತೆಯೇ ಇರಲಿಲ್ಲ. ಎಲ್ಲರೂ ತಿನ್ನುವುದನ್ನು ತಿನ್ನದೆ ಬದುಕಿದ್ದರಿಂದಲೇ ಈ ಸಮಾಜ ಜೈನವೆಂದು ಉಳಿದಿದೆ.

“ಅದನ್ನೆಲ್ಲ ಏಜೆಂಟ ಮಾಡಿದ, ನಮಗೇನೂ ಗೊತ್ತಿಲ್ಲ” ಎಂಬುದು ಎರಡನೆಯದು. ಜೈನಧರ್ಮದಲ್ಲಿ ಈ ಸಮಾಧಾನಕ್ಕೆ ಎಡೆಯೇ ಇಲ್ಲ. ಕೃತ, ಕಾರಿತ, ಅನುಮೋದನ: ತಾನು ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿ ತಲೆಯಾಡಿಸಿದ್ದು, ಈ ಮೂರರಿಂದಲೂ ಕರ್ಮಾಸ್ರವವಾಗುತ್ತದೆ. ಸತ್ಯಾಣುವ್ರತದ ಲಕ್ಷಣವನ್ನು ಹೇಳುವಾಗ ಸಮಂತಭದ್ರರು ಸುಳ್ಳಾಡುವುದನ್ನಷ್ಟೇ ಅಲ್ಲ, ಇತರರಿಂದ ಆಡಿಸುವುದನ್ನೂ ನಿಷೇಧಿಸಿದ್ದಾರೆ. ಶುಲ್ಕ ಕೊಟ್ಟು ಸುಳ್ಳು ಬರೆಯಿಸಿದವನು ಕಾರಿತದಲ್ಲಿದ್ದಾನೆ. ಮೌನವಾಗಿ ಸಹಿ ಹಾಕಿದ ಮಗ ಕೃತದಲ್ಲಿದ್ದಾನೆ. ವೀಸಾ ಬಂದ ದಿನ ಪೇಢೆ ಹಂಚಿದ ಮನೆ ಅನುಮೋದನದಲ್ಲಿದೆ.

ಲೋಕದ ಕಾನೂನಿನ ನಿಲುವೂ ಇದರಿಂದ ದೂರವಿಲ್ಲ. 2023ರಲ್ಲಿ ಕೆನಡಾದಲ್ಲಿ ಬಯಲಿಗೆ ಬಂದ ಪ್ರಕರಣವನ್ನು ನೆನೆಯಬೇಕು. ಕಾಲೇಜಿನ ನಕಲಿ ಪ್ರವೇಶಪತ್ರಗಳ ಮೇಲೆ ವೀಸಾ ಪಡೆದು ಹೋಗಿದ್ದ ಅನೇಕ ಭಾರತೀಯ ವಿದ್ಯಾರ್ಥಿಗಳು, ಹೆಚ್ಚಾಗಿ ಪಂಜಾಬಿನವರು, ವರ್ಷಗಳ ನಂತರ ಕಾಯಂ ವಾಸಕ್ಕೆ ಅರ್ಜಿ ಹಾಕಿದಾಗ ಸಿಕ್ಕಿಬಿದ್ದರು. ತಮಗೆ ಏನೂ ತಿಳಿಯದೆಂದು ಅವರು ಬೀದಿಯಲ್ಲಿ ಧರಣಿ ಕುಳಿತರು. ಅಲ್ಲಿನ ಸರ್ಕಾರ ಒಬ್ಬೊಬ್ಬರ ಪ್ರಕರಣವನ್ನೂ ಬೇರೆ ಬೇರೆ ವಿಚಾರಿಸಿತು; ನಿಜವಾಗಿಯೂ ಮೋಸಹೋದವರೆಂದು ಕಂಡವರಿಗೆ ಉಳಿಯಲು ಅವಕಾಶವಾಯಿತು, ಎಲ್ಲರಿಗೂ ಆಗಲಿಲ್ಲ. ಆ ಪತ್ರಗಳ ಹಿಂದಿದ್ದ ಜಾಲಂಧರದ ಏಜೆಂಟನು ವ್ಯಾಂಕೂವರಿನ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 2024ರಲ್ಲಿ ಮೂರು ವರ್ಷದ ಶಿಕ್ಷೆಗೆ ಗುರಿಯಾದನು. ಅವನ ಶಿಕ್ಷೆಗೆ ಮೂರು ವರ್ಷ ಮಿತಿ. ಆ ಹುಡುಗರು ಕಳೆದುಕೊಂಡ ಪ್ರಾಯಕ್ಕೆ, ಅವರ ತಂದೆಯಂದಿರು ಮಾರಿದ ಹೊಲಕ್ಕೆ ಯಾವ ಮಿತಿ?

“ಅವರೇ ಸುಲಿಗೆಕೋರರು, ಅವರ ನಿಯಮ ಮುರಿದರೆ ಪಾಪವಿಲ್ಲ” ಎಂಬುದು ಮೂರನೆಯದು. ಈ ಮಾತಿನಲ್ಲಿ ಸ್ವಲ್ಪ ಹುರುಳಿದೆ ಎಂದು ಒಪ್ಪಬೇಕು. ಆಸ್ಟ್ರೇಲಿಯ ವಿದ್ಯಾರ್ಥಿ ವೀಸಾದ ಅರ್ಜಿ ಶುಲ್ಕವನ್ನು 2024ರ ಜುಲೈಯಲ್ಲಿ 710 ಡಾಲರಿನಿಂದ 1,600ಕ್ಕೂ, ಮರುವರ್ಷ 2,000ಕ್ಕೂ ಏರಿಸಿತು. ವೀಸಾ ನಿರಾಕರಿಸಿದರೆ ಆ ಹಣ ಮರಳುವುದಿಲ್ಲ. ಅಮೆರಿಕದಲ್ಲಿಯಂತೂ ಸರ್ಕಾರವೇ ಮಿಶಿಗನ್‌ನಲ್ಲಿ ಫಾರ್ಮಿಂಗ್ಟನ್ ಎಂಬ ಹೆಸರಿನ ಸುಳ್ಳು ವಿಶ್ವವಿದ್ಯಾಲಯವನ್ನು ತೆರೆದು, 2019ರ ಜನವರಿಯಲ್ಲಿ ಅದಕ್ಕೆ ಸೇರಿದ್ದ 129 ಭಾರತೀಯ ವಿದ್ಯಾರ್ಥಿಗಳನ್ನು ಬಂಧಿಸಿತು. ಸುಳ್ಳನ್ನು ಹಿಡಿಯಲು ಸುಳ್ಳಿನ ಬಲೆ ಹೆಣೆದ ಆ ಸರ್ಕಾರವನ್ನು ಅಲ್ಲಿನ ಜನರೇ ಟೀಕಿಸಿದರು. ಆದರೆ ಎದುರಿನವನ ಅಸತ್ಯದಿಂದ ತನ್ನ ಅಸತ್ಯ ಸತ್ಯವಾಗುವುದಿಲ್ಲ. ವ್ರತವನ್ನು ಶ್ರಾವಕನು ಸ್ವೀಕರಿಸುವುದು ತನ್ನ ಆತ್ಮದ ಸಾಕ್ಷಿಯಾಗಿ. ಪರದೇಶದ ಕಚೇರಿಯ ಸಾಕ್ಷಿಯಾಗಿ ಅಲ್ಲ. ರಾಜ್ಯದ ಕಟ್ಟಳೆಯನ್ನು ಮೀರಿ ಲಾಭ ಗಳಿಸುವುದನ್ನು ಶಾಸ್ತ್ರ ವಿರುದ್ಧರಾಜ್ಯಾತಿಕ್ರಮವೆಂದು ಕರೆದು ಅಚೌರ್ಯದ ಅತಿಚಾರಗಳಲ್ಲಿ ಇರಿಸಿದೆ. ಆ ರಾಜ್ಯ ಸ್ವದೇಶದ್ದಾಗಿದ್ದರೆ ಮಾತ್ರ ಎಂದು ಷರತ್ತು ಹಾಕಿಲ್ಲ. ನಿಯಮ ಅನ್ಯಾಯವೆನಿಸಿದರೆ ಆ ದೇಶಕ್ಕೆ ಹೋಗದಿರುವ ಸ್ವಾತಂತ್ರ್ಯ ಎಲ್ಲರಿಗೂ ಇದೆ.

“ಗೃಹಸ್ಥನದು ಸ್ಥೂಲವ್ರತ; ಇಂಥ ಸಣ್ಣ ಸುಳ್ಳು ಕ್ಷಮ್ಯ” ಎಂಬುದು ನಾಲ್ಕನೆಯದು. ಸ್ವಲ್ಪ ಶಾಸ್ತ್ರ ಓದಿದವರು ಹೇಳುವ ಮಾತು ಇದಾದ್ದರಿಂದ ಹೆಚ್ಚು ಅಪಾಯಕರ. ಅಣುವ್ರತ ಸ್ಥೂಲವೆಂಬುದು ನಿಜ. ಮಾತಿನ ಭರದಲ್ಲಿ ಬಾಯಿತಪ್ಪಿದ್ದನ್ನು ಗೃಹಸ್ಥನಿಗೆ ಲೆಕ್ಕ ಹಿಡಿಯುವುದು ಕಷ್ಟ. ಆದರೆ ಯೋಚಿಸಿ, ಬೆರಳಚ್ಚು ಮಾಡಿಸಿ, ನೋಟರಿಯ ಮುದ್ರೆ ಹಾಕಿಸಿ, ಕೆಳಗೆ “ಮೇಲಿನ ಸಂಗತಿಗಳೆಲ್ಲ ಸತ್ಯ” ಎಂದು ಸಹಿ ಮಾಡಿದ ಸುಳ್ಳು ಯಾವ ಅಳತೆಯಿಂದಲೂ ಸೂಕ್ಷ್ಮವಲ್ಲ. ಭಾರತೀಯ ನ್ಯಾಯ ಸಂಹಿತೆಯ 336 ಮತ್ತು 340ನೆಯ ಕಲಮುಗಳು ನಕಲಿ ದಾಖಲೆ ಮಾಡುವುದನ್ನೂ, ಅದನ್ನು ಅಸಲಿಯೆಂದು ಬಳಸುವುದನ್ನೂ ಶಿಕ್ಷಾರ್ಹ ಅಪರಾಧಗಳೆಂದು ಪರಿಗಣಿಸುತ್ತವೆ. ಸರ್ಕಾರ ಅಪರಾಧವೆಂದು ಎಣಿಸಿದ್ದನ್ನು ಶ್ರಾವಕನು ಸಣ್ಣದೆನ್ನುವುದಾದರೆ, ಧರ್ಮ ಕಾನೂನಿಗಿಂತ ಕೆಳಗಿಳಿದಂತಾಯಿತು.

ಬೆಲೆ ತೆರುವವರು ಯಾರು?

ಕೂಟಲೇಖದ ಫಲ ಮೊದಲು ತಟ್ಟುವುದು ವಿದ್ಯಾರ್ಥಿಗೆ. ಸುಳ್ಳು ದಾಖಲೆ ಕೊಟ್ಟದ್ದು ಸಾಬೀತಾದರೆ ಕೆನಡಾ ಐದು ವರ್ಷ, ಇಂಗ್ಲೆಂಡು ಹತ್ತು ವರ್ಷದವರೆಗೆ ಬಾಗಿಲು ಮುಚ್ಚಬಲ್ಲದು. ಆಸ್ಟ್ರೇಲಿಯದಲ್ಲಿ ಮೂರು ವರ್ಷ ವೀಸಾ ದೊರೆಯದು. ಅಮೆರಿಕದ ಕಾನೂನಿನಲ್ಲಿ ಉದ್ದೇಶಪೂರ್ವಕ ಸುಳ್ಳಿಗೆ ಆಜೀವ ನಿಷೇಧವೇ ಇದೆ. ಹಣ ಸಾಲದೆಂದು ನಿರಾಕರಿಸಲ್ಪಟ್ಟವನು ಹಣ ಕೂಡಿಸಿ ಮತ್ತೆ ಅರ್ಜಿ ಹಾಕಬಹುದು. ಸುಳ್ಳುಗಾರನೆಂದು ನಿರಾಕರಿಸಲ್ಪಟ್ಟವನಿಗೆ ಬೇರೊಂದು ದೇಶದ ಅರ್ಜಿಯಲ್ಲಿಯೂ “ಹಿಂದೆ ನಿಮಗೆ ವೀಸಾ ನಿರಾಕರಿಸಲಾಗಿತ್ತೇ?” ಎಂಬ ಪ್ರಶ್ನೆ ಕಾದಿರುತ್ತದೆ. ಅಲ್ಲಿ ಒಂದೋ ಹಳೆಯ ಸುಳ್ಳನ್ನು ಒಪ್ಪಿಕೊಳ್ಳಬೇಕು, ಇಲ್ಲವೇ ಹೊಸ ಸುಳ್ಳನ್ನು ಹೇಳಬೇಕು. ಸಾಲಕ್ಕೆ ಬಡ್ಡಿ ಬೆಳೆಯುವಂತೆ ಸುಳ್ಳಿಗೆ ಸುಳ್ಳು ಬೆಳೆಯುತ್ತದೆ.

ಎರಡನೆಯದಾಗಿ ಬೆಲೆ ತೆರುವವನು ಪರಿಚಯವೇ ಇಲ್ಲದ ಪ್ರಾಮಾಣಿಕ ಹುಡುಗ. ನಕಲಿ ಪತ್ರಗಳು ಹೆಚ್ಚಿದ್ದರಿಂದ ಜರ್ಮನಿ 2022ರ ನವೆಂಬರಿನಿಂದ ಭಾರತೀಯ ವಿದ್ಯಾರ್ಥಿಗಳ ಅಂಕಪಟ್ಟಿ, ಪದವಿಗಳನ್ನು ವೀಸಾಕ್ಕೆ ಮೊದಲೇ ಪ್ರತ್ಯೇಕವಾಗಿ ಪರಿಶೀಲಿಸಿ ಪ್ರಮಾಣಪತ್ರ ಕೊಡುವ ಪದ್ಧತಿ ತಂದಿತು. ಕೆನಡಾ 2023ರ ಡಿಸೆಂಬರಿನಿಂದ ಪ್ರತಿಯೊಂದು ಪ್ರವೇಶಪತ್ರವನ್ನೂ ಆಯಾ ಕಾಲೇಜಿನಿಂದಲೇ ಖಚಿತಪಡಿಸಿಕೊಳ್ಳುವ ನಿಯಮ ಮಾಡಿತು. ಶುಲ್ಕವೂ ಕಾಯುವಿಕೆಯೂ ಎಲ್ಲರಿಗೂ ಹೆಚ್ಚಿದವು. ಸುಳ್ಳು ಹೇಳಿದವನು ಹೋಗಿಬಿಟ್ಟಿರುತ್ತಾನೆ. ಅವನ ಹಿಂದೆ ಬಂದ ಸತ್ಯವಂತ ಅವನ ದಂಡವನ್ನು ಕಟ್ಟುತ್ತಾನೆ. ನಿಜಶಾಸನವನ್ನೂ ಸಂಶಯದಿಂದ ನೋಡುವಂತೆ ಮಾಡಿದ ಕೂಟಶಾಸನದ ಕಥೆಯೇ ಇದು.

ಮೂರನೆಯದಾಗಿ ಹಾಳಾಗುವುದು ಮನೆಯ ಸಂಸ್ಕಾರ. ದೀಪಾವಳಿಯಲ್ಲಿ ಮಹಾವೀರಸ್ವಾಮಿಯ ನಿರ್ವಾಣೋತ್ಸವ ಮುಗಿಸಿ, ಪಾಡ್ಯದಂದು ಹೊಸ ಕೀರ್ದಿಗೆ ಅರಿಸಿನ ಕುಂಕುಮ ಹಚ್ಚಿ ಮೊದಲ ಸಾಲು ಬರೆಯುವುದು ವ್ಯಾಪಾರಿ ಮನೆಗಳ ರೂಢಿ. ಆ ಮೊದಲ ಸಾಲು ಸುಳ್ಳಾಗಬಾರದೆಂದು ಹಿರಿಯರು ಹೇಳುತ್ತಾರೆ. ಇಪ್ಪತ್ತೊಂದು ವರ್ಷದ ಮಗ ತನ್ನ ಸ್ವಂತ ಹೆಸರಿನಲ್ಲಿ, ಸ್ವಂತ ಸಹಿಯಿಂದ ಸಲ್ಲಿಸುವ ಮೊದಲ ಹೊಣೆಯ ದಾಖಲೆಯೆಂದರೆ ಈ ವೀಸಾ ಕಡತ. ಅದು ಅವನ ಬಾಳಿನ ಕೀರ್ದಿಯ ಮೊದಲ ಸಾಲು. ಅದನ್ನೇ ಸುಳ್ಳಾಗಿ ಬರೆಯಲು ತಂದೆಯೇ ಕೈಹಿಡಿದು ಕಲಿಸಿದ ಮೇಲೆ, ಮುಂದೆ ಅದೇ ಮಗ ಆಸ್ತಿಯ ಪತ್ರದಲ್ಲಿ, ಸೋದರರ ಪಾಲಿನಲ್ಲಿ ಕೂಟಲೇಖ ಮಾಡಿದರೆ ಯಾರನ್ನು ದೂರಬೇಕು?

ಪ್ರಯಾಣಕ್ಕೆ ವಿರೋಧವಿಲ್ಲ

ಇದನ್ನು ಓದಿ, ಸಮುದ್ರಯಾನವನ್ನೇ ನಿಷೇಧಿಸುವ ಹಳೆಯ ವಾದವೆಂದು ಯಾರೂ ಭಾವಿಸಬಾರದು. ದಿಗ್ವ್ರತ ಸ್ವೀಕರಿಸಿದವರು ತಾವು ಹಾಕಿಕೊಂಡ ಮಿತಿಯನ್ನು ಪಾಲಿಸಬೇಕು. ಉಳಿದವರಿಗೆ ಕಡಲು ದಾಟುವುದೇ ದೋಷವಲ್ಲ. 1893ರಲ್ಲಿ ಚಿಕಾಗೋದ ಸರ್ವಧರ್ಮ ಸಮ್ಮೇಳನಕ್ಕೆ ಆಚಾರ್ಯ ಆತ್ಮಾರಾಮಜಿಯವರು ಮುನಿಧರ್ಮದ ನಿಯಮದಿಂದಾಗಿ ಹೋಗಲಾರದೆ, ಶ್ರಾವಕರಾದ ವೀರಚಂದ ರಾಘವಜಿ ಗಾಂಧಿಯವರನ್ನು ಕಳುಹಿಸಿದರು. ಗಾಂಧಿಯವರು ಪರದೇಶದಲ್ಲಿಯೂ ಆಹಾರನಿಯಮವನ್ನು ಕಾಪಾಡಿಕೊಂಡರು. ಆದರೂ ತಮ್ಮ ಸಮಾಜದ ಕೆಲವರ ವಿರೋಧವನ್ನು ಎದುರಿಸಬೇಕಾಯಿತು. ಚಂಪತರಾಯ ಜೈನರು 1892ರಲ್ಲಿ ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರರಾಗಿ 1897ರಲ್ಲಿ ಮರಳಿದರು. ಮುಂದೆ ಜೈನಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಲೋಕಕ್ಕೆ ತಿಳಿಸಿದರು. ಅಂದಿನ ಸಮಾಜ ಹೋಗುವುದನ್ನು ಅನುಮಾನಿಸಿತು, ನಡತೆಯನ್ನು ಕಡೆಗಣಿಸಿತು. ಇಂದಿನ ಸಮಾಜ ಹೋಗುವುದನ್ನು ಹಾಡಿ ಹೊಗಳುತ್ತದೆ, ನಡತೆಯನ್ನು ಆಗಲೂ ಈಗಲೂ ಕೇಳುವುದಿಲ್ಲ.

ವಿದೇಶಕ್ಕೆ ಹೊರಟವನನ್ನು ಬಸದಿಯ ಸಭಾಭವನದಲ್ಲಿ ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು ಸನ್ಮಾನಿಸುವ ಪದ್ಧತಿ ಬೆಳೆಯುತ್ತಿದೆ. ಅವನು ಏನು ಓದಲು ಹೊರಟಿದ್ದಾನೆಂದು ವೇದಿಕೆಯಲ್ಲಿರುವವರಿಗೆ ಸರಿಯಾಗಿ ತಿಳಿದಿರುವುದಿಲ್ಲ. ಇದೇ ಸಮಯಕ್ಕೆ ಖಾನಾಪುರ ರಸ್ತೆಯ ಉದ್ಯಮಬಾಗದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಾಲ ಮಾಡದೆ ಓದಿ, ಅಲ್ಲಿಯೇ ಸಮೀಪದ ಫೌಂಡ್ರಿಯಲ್ಲಿ ಕೆಲಸ ಹಿಡಿದ ಹುಡುಗನಿಗೆ ಶಾಲು ಬೀಳುವುದಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಿಂದ ಬೆಳಗಾವಿಯಲ್ಲಿಯೇ ಇದ್ದು, ರಾಜ್ಯದ ಎಲ್ಲೆಡೆಯ ಮಕ್ಕಳಿಗೆ ಪದವಿ ಕೊಡುತ್ತಿದೆ. ಊರ ವಿದ್ಯೆ ಕೀಳು, ಪರದೇಶದ ಯಾವ ಕಾಲೇಜಾದರೂ ಮೇಲು ಎಂಬ ಭ್ರಮೆಯನ್ನು ಈ ಶಾಲುಗಳೇ ನೇಯುತ್ತಿವೆ.

ಮಾಡಬೇಕಾದದ್ದು

ಟೀಕೆಯಷ್ಟೇ ಸಾಲದು. ಸತ್ಯದ ಕಡತವನ್ನು ಸಿದ್ಧಪಡಿಸುವುದು ಅಸಾಧ್ಯವೇನಲ್ಲ. ವಿಷಯವನ್ನು ಮೊದಲು, ಕಾಲೇಜನ್ನು ನಂತರ, ದೇಶವನ್ನು ಕೊನೆಯಲ್ಲಿ ಆರಿಸಬೇಕು. ಕಾಲೇಜಿಗೆ ಪರವಾನಗಿ ಇದೆಯೇ ಎಂಬುದನ್ನು ಆ ದೇಶದ ಸರ್ಕಾರದ ಪಟ್ಟಿಯಲ್ಲಿಯೇ ನೋಡಿಕೊಳ್ಳಬೇಕು. ಏಜೆಂಟನ ಬಾಯಿಮಾತು ಸಾಲದು. ಪ್ರವೇಶಪತ್ರ ಬಂದ ಮೇಲೆ ವಿದ್ಯಾರ್ಥಿಯೇ ಕಾಲೇಜಿಗೆ ಬರೆದು ಅದು ನಿಜವೇ ಎಂದು ಕೇಳಬೇಕು. ಉದ್ದೇಶದ ಪತ್ರವನ್ನು ಅವನೇ ಬರೆಯಬೇಕು. ಇಂಗ್ಲಿಷ್ ತಪ್ಪಿದ್ದರೆ ಗುರುಗಳು ತಿದ್ದಲಿ, ಸಂಗತಿಯನ್ನು ತಿದ್ದದಿರಲಿ. ಓದಿನಲ್ಲಿ ಎರಡು ವರ್ಷದ ಅಂತರವಿದ್ದರೆ ತಂದೆಯ ಕಾಯಿಲೆಯೋ, ಅಂಗಡಿಯ ಕೆಲಸವೋ, ಪರೀಕ್ಷೆಯಲ್ಲಿ ನಪಾಸಾದದ್ದೋ ಇದ್ದದ್ದನ್ನು ಇದ್ದಂತೆ ಬರೆಯಬೇಕು. ಹಣ ಸಾಲದಿದ್ದರೆ ಬ್ಯಾಂಕಿನ ಶಿಕ್ಷಣ ಸಾಲದ ಮಂಜೂರಾತಿ ಪತ್ರವನ್ನು ಇಡಬೇಕು. ನೋಂದಾಯಿತ ಬ್ಯಾಂಕಿನ ಅಂಥ ಪತ್ರವನ್ನು ಹಲವು ದೇಶಗಳು ಹಣದ ಆಧಾರವಾಗಿ ಒಪ್ಪುತ್ತವೆ. ಸುಳ್ಳು ಠೇವಣಿಗೆ ತೆರುವ ಬಡ್ಡಿಯೂ ಉಳಿಯುತ್ತದೆ. ಸಲ್ಲಿಸುವ ಮೊದಲು ಇಡೀ ಅರ್ಜಿಯನ್ನು ಮನೆಯಲ್ಲಿ ಗಟ್ಟಿಯಾಗಿ ಒಮ್ಮೆ ಓದಬೇಕು. ಅಜ್ಜಿಯ ಎದುರು ಓದಲು ನಾಚಿಕೆಯಾಗುವ ಸಾಲು ಅದರಲ್ಲಿ ಇರಬಾರದು.

ಇಷ್ಟಾದ ಮೇಲೂ ವೀಸಾ ನಿರಾಕರಣೆಯಾಗಬಹುದು. ಅದನ್ನು ಅಂತರಾಯ ಕರ್ಮದ ಉದಯವೆಂದು ಸಹಿಸಿ ಮತ್ತೆ ಯತ್ನಿಸುವುದೋ, ಇಲ್ಲಿಯೇ ಓದುವುದೋ ಗೃಹಸ್ಥನಿಗೆ ತಕ್ಕ ದಾರಿ. ವೀಸಾ ದೊರೆಯದ ಮಗ ಮನೆಗೆ ಹೊರೆಯಲ್ಲ. ವ್ರತ ಕಳೆದುಕೊಂಡ ಮನೆ ಮಗನಿಗೆ ಹೊರೆ.

ಸಮಾಜದ ಪಾಲು ಇದಕ್ಕಿಂತ ದೊಡ್ಡದು. 1899ರಲ್ಲಿ ಸ್ತವನಿಧಿ ಕ್ಷೇತ್ರದಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯನ್ನು ಕಟ್ಟಿದ ಹಿರಿಯರ ಕೈಯಲ್ಲಿ ಇಂದಿನಷ್ಟು ಹಣವಿರಲಿಲ್ಲ. ಒಕ್ಕಲು ಮಕ್ಕಳು ಪೇಟೆಗೆ ಬಂದು ಓದಲೆಂದು ಸಭೆ ಊರೂರಲ್ಲಿ ಬೋರ್ಡಿಂಗುಗಳನ್ನು ತೆರೆಯಿತು. ಬೆಳಗಾವಿಯ ಮಾಣಿಕಬಾಗ ದಿಗಂಬರ ಜೈನ ಬೋರ್ಡಿಂಗ್ ಆ ಪರಂಪರೆಯದೇ. ಆ ಬೋರ್ಡಿಂಗುಗಳು ಅನ್ನದೊಡನೆ ಧರ್ಮಪಾಠವನ್ನೂ ಕೊಟ್ಟವು. ಇಂದು ಅದೇ ದಾರಿಯಲ್ಲಿ ಮುಂದಿನ ಹೆಜ್ಜೆ ಬೇಕಾಗಿದೆ. ಬಡ್ಡಿಯಿಲ್ಲದೆ ಕೊಟ್ಟು ಕಂತಿನಲ್ಲಿ ಮರಳಿ ಪಡೆಯುವ ವಿದ್ಯಾನಿಧಿಯೊಂದನ್ನು ಜಿಲ್ಲೆಯ ಶ್ರೇಷ್ಠಿಗಳು ಕೂಡಿ ಕಟ್ಟಬಹುದು. ಹೊರದೇಶದಲ್ಲಿ ಓದಿ ಬಂದ ಹಿರಿಯರೂ ನಿವೃತ್ತ ಪ್ರಾಧ್ಯಾಪಕರೂ ವಾರಕ್ಕೊಂದು ಸಂಜೆ ಬೋರ್ಡಿಂಗಿನಲ್ಲಿ ಕುಳಿತು, ಖಾನಾಪುರದಂಥ ಕಡೆಗಳಿಂದ ಬರುವ ಹುಡುಗ ಹುಡುಗಿಯರಿಗೆ ಉಚಿತವಾಗಿ ದಾರಿ ತೋರಿಸಬಹುದು. ಅಂಥ ಒಂದು ಮೇಜು ಇದ್ದರೆ ಎಷ್ಟೋ ಮನೆಗಳು ಏಜೆಂಟರ ಮೆಟ್ಟಿಲು ಹತ್ತುವುದಿಲ್ಲ. ವ್ಯಾಪಾರಿಗಳು ತಮ್ಮಲ್ಲಿ ಕೆಲಸ ಮಾಡದವರಿಗೆ ಅನುಭವ ಪತ್ರ ಕೊಡುವುದಿಲ್ಲವೆಂದು ದಶಲಕ್ಷಣ ಪರ್ವದ ಉತ್ತಮ ಸತ್ಯದ ದಿನ ಬಸದಿಯಲ್ಲಿ ನಿಯಮ ತೆಗೆದುಕೊಳ್ಳಬಹುದು. ಇದಕ್ಕೆ ಖರ್ಚು ಒಂದು ಕಾಸೂ ಇಲ್ಲ.

ಹಲಸಿಯ ಪಟಗಳನ್ನು ಬರೆದವನ ಕೈಗೆ ತಾನು ಬರೆದದ್ದನ್ನು ಹದಿನೈದು ಶತಮಾನಗಳ ಬಳಿಕ ಓದುವವರಿದ್ದಾರೆಂದು ತಿಳಿದಿರಲಿಲ್ಲ. ಇಂದಿನ ವೀಸಾ ಕಡತವನ್ನು ಅಷ್ಟು ಕಾಲ ಯಾರೂ ಕಾದಿಡುವುದಿಲ್ಲ. ಆದರೆ ಜೈನಸಿದ್ಧಾಂತದಂತೆ ಪ್ರತಿಯೊಂದು ಬರಹದ ಒಂದು ಪ್ರತಿ ಬರೆದವನ ಆತ್ಮಪ್ರದೇಶದಲ್ಲಿ ಕರ್ಮರೂಪವಾಗಿ ಉಳಿಯುತ್ತದೆ. ಅದನ್ನು ಯಾವ ಏಜೆಂಟನೂ ತಿದ್ದಲಾರ, ಯಾವ ದೇಶದ ಮುದ್ರೆಯೂ ಅಳಿಸಲಾರದು. ಸಹಿ ಹಾಕುವ ಮುನ್ನ ತಂದೆಯೂ ಮಗನೂ ಅದನ್ನೊಮ್ಮೆ ನೆನೆಯಲಿ.